ಸಮುದ್ರಕ್ಕೆ ಉಚ್ಚೆ ಹೊಯ್ದವರು

ಪುಣೆಗೆ ಸಮುದ್ರವಿಲ್ಲ. ಅದಕ್ಕೇ ಸರ್ಕಾರ ಪುಣೆಗೆ ಒಂದು ಸಮುದ್ರ ಕಟ್ಟಿಸಿ ಕೊಟ್ಟಿತು.

ದೇಹೂ ರೋಡ್ ದಾಟಿ ಒಂದಷ್ಟು ದೂರ ಹೋದರೆ ಬೋಳುಗುಡ್ಡದ ಮಗ್ಗುಲಲ್ಲಿ ಗಾಜಿನ ಕಟ್ಟಡ. ಹೆಸರು ಸಾಗರ ಜೀವಜಾಲ ಅಧ್ಯಯನ ಕೇಂದ್ರ. ನೆಲಮಹಡಿಯಲ್ಲಿ ಕಾಂಕ್ರೀಟಿನ ದೊಡ್ಡ ಟಾಕಿ. ಅದರ ತುಂಬ ಕೊಂಕಣದ ದಂಡೆಯಿಂದ ಟ್ಯಾಂಕರಿನಲ್ಲಿ ಘಾಟ್ ಹತ್ತಿಸಿ ತಂದ ಉಪ್ಪುನೀರು. ನೀರಿನಲ್ಲಿ ಮೀನು, ಸಿಗಡಿ, ಏಡಿ, ಪಾಚಿ, ಕಣ್ಣಿಗೆ ಕಾಣದ ಸಾವಿರ ಹುಳ. ಮೊದಲ ಮಹಡಿಯಲ್ಲಿ ವಿಜ್ಞಾನಿಗಳು. ಅವರ ಕಂಪ್ಯೂಟರಿನಲ್ಲಿ ಇನ್ನೊಂದು ಸಮುದ್ರ. ಅದರಲ್ಲಿ ನೀರಿಲ್ಲ, ಬರೀ ಲೆಕ್ಕ. ಯಾರು ಯಾರನ್ನು ತಿನ್ನುತ್ತಾರೆ, ತಿಂದಿದ್ದು ಎಲ್ಲಿ ಹೋಗುತ್ತದೆ, ಬಿಸಿಲು ಹೆಚ್ಚಾದರೆ ಯಾರು ಮೊದಲು ಸಾಯುತ್ತಾರೆ ಎಂಬ ಲೆಕ್ಕ. ಕೆಳಗಿನ ಸಮುದ್ರ ಮೇಲಿನ ಸಮುದ್ರ ಹೇಳಿದ ಹಾಗೆ ನಡೆದುಕೊಳ್ಳುತ್ತದೋ ಇಲ್ಲವೋ ನೋಡುವುದು ಕೇಂದ್ರದ ಕೆಲಸ. ನಡೆದುಕೊಂಡರೆ, ಅರಬ್ಬೀ ಸಮುದ್ರದಲ್ಲಿ ಮುಂದೆ ಏನಾಗುತ್ತದೆ ಅಂತ ಪುಣೆಯಲ್ಲಿ ಕೂತೇ ಹೇಳಬಹುದು.

ಮೇಲಿನ ಸಮುದ್ರವನ್ನು ನೋಡಿಕೊಳ್ಳುವವರು ಡಾಕ್ಟರ್ ಸಂಕಪ್ಪ. ಕೆಳಗಿನ ಸಮುದ್ರವನ್ನು ತಿಕ್ಕುವವಳು ಶರಣಮ್ಮ.

ಡಾ. ಸಂಕಪ್ಪ ಕೇಂದ್ರದ ನಿರ್ದೇಶಕರು. ಮೂಲ ಕರಾವಳಿ. ಅವರ ಅಣ್ಣತಮ್ಮಂದಿರೆಲ್ಲ ಪುಣೆಯಲ್ಲಿ ಹೋಟೆಲು ಇಟ್ಟಿದ್ದರು. ಇವರೊಬ್ಬರು ಓದಿದರು. ಸಮುದ್ರದ ಬಗ್ಗೆ ದೇಶವಿದೇಶದಲ್ಲಿ ಭಾಷಣ ಮಾಡಿದ್ದರು. ನೀರಿಗಿಳಿದರೆ ಮೈಗೆ ಆಗುವುದಿಲ್ಲವೆಂದು ಸಮುದ್ರಕ್ಕೆ ಇಳಿಯುತ್ತಿರಲಿಲ್ಲ.

ಶರಣಮ್ಮ ಯಾದಗಿರಿ ಕಡೆಯವಳು. ಗಂಡ ಹುಸೇನಪ್ಪ ಮಜೂರರ ಅಡ್ಡಾದಲ್ಲಿ ನಿಂತು, ಯಾರು ಕರೆದರೆ ಅವರ ಹಿಂದೆ ಹೋಗುತ್ತಿದ್ದ. ಒಮ್ಮೆ ಚಾಕಣದ ಕಾರ್ಖಾನೆಗೆ, ಒಮ್ಮೆ ಎಲ್ಲೋ ಗಟಾರ ತೋಡುವುದಕ್ಕೆ. ಶರಣಮ್ಮನನ್ನೂ ಅವಳ ಜೊತೆಯ ಹೆಂಗಸರನ್ನೂ ಕೇಂದ್ರಕ್ಕೆ ತಂದವನು ಗುತ್ತಿಗೆದಾರ ಅಂಬಾದಾಸ. ಅವನೂ ಕಲಬುರಗಿ ಕಡೆಯವನೇ. ಹೆಂಗಸರ ಮುಂದೆ ಕನ್ನಡ, ಸಾಹೇಬರ ಮುಂದೆ ಮರಾಠಿ. ಎರಡರಲ್ಲೂ ಸುಳ್ಳು ಹೇಳಬಲ್ಲ.

ಕೆಲಸ ಇಷ್ಟು. ಟಾಕಿಯನ್ನು ಅಂಕಣ ಅಂಕಣ ಮಾಡಿದ್ದರು. ಬೆಳಿಗ್ಗೆ ಒಂದು ಅಂಕಣದ ಮೀನುಗಳನ್ನು ಪಕ್ಕದ ಅಂಕಣಕ್ಕೆ ಕಳಿಸಿ, ನೀರನ್ನು ಮೊಣಕಾಲಿಗೆ ಇಳಿಸುತ್ತಾರೆ. ಹೆಂಗಸರು ಕಚ್ಚೆ ಕಟ್ಟಿ ಇಳಿಯುತ್ತಾರೆ. ಗೋಡೆಯ ಪಾಚಿ ತಿಕ್ಕುತ್ತಾರೆ. ತಳದ ಕೆಸರು ಎತ್ತಿ ಬುಟ್ಟಿ ತುಂಬಿ ತಲೆ ಮೇಲೆ ಹೊತ್ತು ಏಣಿ ಹತ್ತುತ್ತಾರೆ. ಬುಟ್ಟಿ ಸೋರುತ್ತದೆ. ಕುತ್ತಿಗೆಗೆ, ಬೆನ್ನಿಗೆ, ಕುಪ್ಪಸದೊಳಕ್ಕೆ. ಕೊಳೆತ ಸಿಗಡಿಯ ನಾತ. ಉಪ್ಪು ಹಿಮ್ಮಡಿಯ ಬಿರುಕಿಗೆ ಇಳಿದರೆ ತಲೆಯವರೆಗೆ ಉರಿ. ಮನೆಗೆ ಹೋದ ಮೇಲೂ ಬೆರಳುಗಳು ಮಡಚಿಕೊಂಡೇ ಇರುತ್ತವೆ, ಬ್ರಷ್ ಹಿಡಿದ ಹಾಗೆ. ಕೈಗವಸು ಕೇಳಿದಾಗ ಅಂಬಾದಾಸ ಹೇಳಿದ್ದ, "ರಬ್ಬರಿನಾಗ ಕೆಮಿಕಲ್ ಇರ್ತದ ಬಾಯಿ. ಮೀನಿಗೆ ತ್ರಾಸ ಆಗ್ತದ."

ಮೀನಿನ ತ್ರಾಸ ನೋಡಲು ಒಂದು ಸಮಿತಿಯಿತ್ತು. ಮೀನಿಗೆ ಬೆಳಕು ಎಷ್ಟಿರಬೇಕು, ವಿಶ್ರಾಂತಿ ಎಷ್ಟು ಬೇಕು, ಒಂದು ಅಂಕಣದಲ್ಲಿ ಎಷ್ಟು ಮೀನು ಇದ್ದರೆ ಇಕ್ಕಟ್ಟಾಗುತ್ತದೆ ಎಂದು ಸಮಿತಿ ಗೋಡೆಗೆ ಬೋರ್ಡು ಹಾಕಿತ್ತು. ಹೆಂಗಸರು ಗಟ್ಟಿಯಾಗಿ ಮಾತಾಡಬಾರದು, ಮೀನು ಗಾಬರಿಯಾಗುತ್ತದೆ ಅಂತಲೂ ಇತ್ತು. ಶರಣಮ್ಮನ ತಗಡಿನ ಪತ್ರಾ ಶೆಡ್ಡಿನಲ್ಲಿ ಎಷ್ಟು ಜನ ಮಲಗಿದರೆ ಇಕ್ಕಟ್ಟಾಗುತ್ತದೆ ಅಂತ ಹೇಳುವ ಬೋರ್ಡು ಎಲ್ಲೂ ಇರಲಿಲ್ಲ.

ಹೆಂಗಸರಿಗೆ ಪಾಯಖಾನೆಯೂ ಇರಲಿಲ್ಲ. ಮೊದಲ ಮಹಡಿಯಲ್ಲಿ ಇತ್ತು, ಸಾಲಾಗಿ, ಬಿಳಿ ಹಂಚು ಹಾಕಿದ್ದು. ಮೆಟ್ಟಿಲಿನ ಬುಡದಲ್ಲಿ ವಾಚ್‌ಮನ್ ಕೂತಿರುತ್ತಿದ್ದ. ಟಾಕಿಗೆ ಇಳಿದವರು ಮೇಲೆ ಹತ್ತಬಾರದು. ಕಂಟ್ಯಾಮಿನೇಶನ್ ಆಗುತ್ತದೆ.

"ಹಂಗಂದ್ರ ಏನಪಾ?" ಎಂದು ಒಮ್ಮೆ ರುದ್ರವ್ವ ಕೇಳಿದ್ದಳು. ಅವಳು ಎಲ್ಲರಿಗಿಂತ ಹಿರಿಯಳು. ಎಲ್ಲರಿಗೂ ಯವ್ವ.

ಅಂಬಾದಾಸ ತಲೆ ಕೆರೆದುಕೊಂಡ. "ಮೈಲಿಗಿ ಅಂತ ತಿಳ್ಕೋ. ಇಂಗ್ಲಿಷ್‌ನಾಗ."

"ಅಯ್ಯ, ನಮ್ಮೂರಂದs ಅಲ್ಲೇನು," ಎಂದಳು ರುದ್ರವ್ವ. "ಇದಕ್ಯಾಕ ಇಷ್ಟು ದೂರ ಬಂದ್ವಿ?"

ಹಿಂದಿನ ಗುಡ್ಡವೇ ಅವರ ಜಾಗ. ಅಲ್ಲೂ ಈಗ ಒಂದು ಬಡಾವಣೆ ಏಳುತ್ತಿತ್ತು. ಕ್ರೇನಿನ ಮೇಲಿನವನಿಗೆ ಎಲ್ಲ ಕಾಣುತ್ತಿತ್ತು. ಹಾಗಾಗಿ ಹೆಂಗಸರು ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಹೋಗಿ ಬಂದು, ಸಂಜೆ ಕತ್ತಲಾಗುವವರೆಗೆ ತಡೆದುಕೊಳ್ಳುತ್ತಿದ್ದರು. ನಡುವೆ ಗಂಟಲು ನೆನೆಯುವಷ್ಟು ಬಿಟ್ಟರೆ ನೀರು ಕುಡಿಯುತ್ತಿರಲಿಲ್ಲ. ದಿನವಿಡೀ ನೀರಿನಲ್ಲಿ ನಿಂತವರು ಬಾಯಾರಿ ಮನೆಗೆ ಹೋಗುತ್ತಿದ್ದರು.

ಹೀಗಿರುವಾಗ ಕೆಳಗಿನ ಸಮುದ್ರ ಕೆಟ್ಟಿತು.

ಕೆಟ್ಟಿತು ಎಂದರೆ, ನೀರಿನಲ್ಲಿ ಅಮೋನಿಯಾ ಏರಿತು. ಮೀನಿನ ಹೊಲಸಿನಿಂದ ಇಷ್ಟು ಅಮೋನಿಯಾ ಬರಬಹುದು ಅಂತ ಮೇಲಿನ ಕಂಪ್ಯೂಟರಿನ ಮಾದರಿ ಹೇಳಿತ್ತು. ಟಾಕಿಯಲ್ಲಿ ಅದಕ್ಕಿಂತ ಬಹಳ ಹೆಚ್ಚಿತ್ತು. ಸಿಗಡಿ ಸಾಯತೊಡಗಿದವು. ನೀರು ಪರೀಕ್ಷೆ ಮಾಡುತ್ತಿದ್ದವಳು ನೀರಜಾ ಎಂಬ ಬೆಂಗಳೂರಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅವಳು ಮೀಟಿಂಗಿನಲ್ಲಿ, "ಸರ್, ಮಾಡೆಲ್‌ನಲ್ಲೇ ಏನಾದ್ರೂ ಮಿಸ್ ಆಗಿದ್ಯಾ ಅಂತ ಒಂದ್ಸಲ ಚೆಕ್ ಮಾಡೋಣ್ವಾ?" ಎಂದಳು.

ಡಾ. ಸಂಕಪ್ಪ ನಕ್ಕರು. ಮಾದರಿಯನ್ನು ಆಗಲೇ ದಿಲ್ಲಿಯಲ್ಲಿ ತೋರಿಸಿಯಾಗಿತ್ತು. ಅದಕ್ಕೆ ಪ್ರಶಸ್ತಿ ಬಂದಿತ್ತು. ಪ್ರಶಸ್ತಿ ಬಂದ ಮೇಲೆ ಅದು ತಪ್ಪಿರಲು ಸಾಧ್ಯವಿರಲಿಲ್ಲ. ಆದ್ದರಿಂದ ಸಮುದ್ರವೇ ತಪ್ಪಿತ್ತು.

"ಹೊರಗಿನಿಂದ ಎಂತದೋ ಬೀಳ್ತಾ ಉಂಟು," ಎಂದರು. "ಟಾಕಿಗೆ ಇಳಿಯುವವರು ಯಾರು?"

ಎಲ್ಲರ ಕಣ್ಣೂ ನೆಲದ ಕಡೆ ಹೋಯಿತು. ನೆಲದ ಕೆಳಗೆ ಹೆಂಗಸರಿದ್ದರು.

ಮರುದಿನ ಹೆಂಗಸರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ಮೊಣಕಾಲಿನಿಂದ ನೀರು ಇಳಿಯುತ್ತಿತ್ತು. ಎದುರಿಗೆ ಡಾ. ಸಂಕಪ್ಪ, ಆಫೀಸಿನ ನಾಲ್ಕಾರು ಮಂದಿ ಗಂಡಸರು, ವಾಚ್‌ಮನ್. ಡಾ. ಸಂಕಪ್ಪ ಸಾರಜನಕ ಚಕ್ರದ ಬಗ್ಗೆ ಹೇಳಿದರು. ಪ್ರಾಣಿಗಳ ದೇಹದಿಂದ ಸಾರಜನಕ ಯಾವ ಯಾವ ರೂಪದಲ್ಲಿ ಹೊರಬರುತ್ತದೆ, ಅದು ನೀರಿಗೆ ಸೇರಿದರೆ ಜೀವಜಾಲದ ಸಮತೋಲ ಹೇಗೆ ತಪ್ಪುತ್ತದೆ. ಶುದ್ಧ ಕನ್ನಡದಲ್ಲೇ ಹೇಳಿದರು. ಯಾರಿಗೂ ಅರ್ಥವಾಗಲಿಲ್ಲ.

"ಸಾಹೇಬ್ರು ಏನ್ ಕೇಳ್ತಾರಂದ್ರ," ಎಂದ ಅಂಬಾದಾಸ, "ಟಾಕ್ಯಾಗ ಉಚ್ಚಿ ಹೊಯ್ದವಳು ಯಾರು?"

ವಾಚ್‌ಮನ್ ಕಿಸಕ್ಕೆಂದ. ಆಫೀಸಿನ ಒಬ್ಬ ಮುಖ ಆಚೆ ತಿರುಗಿಸಿದ, ಭುಜ ಕುಣಿಯುತ್ತಿತ್ತು. ರುದ್ರವ್ವ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಮೊಮ್ಮಕ್ಕಳ ವಯಸ್ಸಿನವರ ಮುಂದೆ ಅವಳಿಗೆ ಈ ಮಾತು.

"ಯಾರೂ ಹೊಯ್ದಿಲ್ರಿ," ಎಂದಳು ಶರಣಮ್ಮ.

"ಹಾಗಾದರೆ ನೀವೆಲ್ಲ ಎಲ್ಲಿಗೆ ಹೋಗ್ತೀರಿ?" ಡಾ. ಸಂಕಪ್ಪ ನಿಜವಾಗಿಯೂ ಕುತೂಹಲದಿಂದ ಕೇಳಿದರು. ಇಷ್ಟು ದಿನ ಆ ಪ್ರಶ್ನೆ ಅವರಿಗೆ ಬಂದಿರಲಿಲ್ಲ.

"ಎಲ್ಲೂ ಹೋಗೂದಿಲ್ರಿ. ತಡ್ಕೋತೀವಿ."

"ಬೆಳಿಗ್ಗೆಯಿಂದ ಸಂಜೆವರೆಗೆ? ಅದು ಸಾಧ್ಯವೇ ಇಲ್ಲ ಮಾರಾಯ್ತಿ. ಶರೀರಶಾಸ್ತ್ರ ಒಪ್ಪುವುದಿಲ್ಲ."

ಅಲ್ಲಿಗೆ ಸಾಬೀತಾಯಿತು. ಪಾಯಖಾನೆ ಕೊಟ್ಟಿಲ್ಲ, ಮನುಷ್ಯರು ತಡೆದುಕೊಳ್ಳಲಾರರು, ಆದ್ದರಿಂದ ಟಾಕಿಯಲ್ಲೇ ಮಾಡಿರಬೇಕು. ಪಾಯಖಾನೆ ಕೊಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ನೀರು ಕೊಡಬಾರದು ಎಂದು ಹೊಳೆಯಿತು.

ಅವತ್ತಿನಿಂದ ಗೇಟಿನಲ್ಲೇ ಅವರ ನೀರಿನ ಬಾಟಲಿಗಳನ್ನು ತೆಗೆದಿಟ್ಟುಕೊಂಡರು. ಟಾಕಿಯ ಮೇಲೆ ಕ್ಯಾಮೆರಾ ಹಾಕಿದರು. ಹೆಂಗಸರು ಬಗ್ಗಿ ಕೆಸರು ಎತ್ತುವಾಗ ಕ್ಯಾಮೆರಾ ತಿರುಗುತ್ತಿತ್ತು. ಯಾರಾದರೂ ಸ್ವಲ್ಪ ಹೊತ್ತು ಒಂದೇ ಕಡೆ ನಿಂತರೆ ಮೇಲಿನಿಂದ ಸೀಟಿ. ಬೆನ್ನು ನೋವೆಂದು ಕುಕ್ಕುರುಗಾಲಲ್ಲಿ ಕೂತರೂ ಸೀಟಿ.

ಅಮೋನಿಯಾ ಇಳಿಯಲಿಲ್ಲ. ರುದ್ರವ್ವ ಬಿದ್ದಳು.

ಮೇ ತಿಂಗಳ ಬಿಸಿಲು. ಗಾಜಿನ ಕಟ್ಟಡದಲ್ಲಿ ಎ.ಸಿ. ಇದ್ದಿದ್ದು ಮೇಲೆ, ಮತ್ತು ಮೀನಿನ ನೀರಿಗೆ. ರುದ್ರವ್ವನಿಗೆ ಆಗಲೇ ಉರಿಮೂತ್ರ ಶುರುವಾಗಿ ವಾರಗಳಾಗಿದ್ದವು. ಯಾರಿಗೂ ಹೇಳಿರಲಿಲ್ಲ. ಬುಟ್ಟಿ ಎತ್ತಿಕೊಂಡಳು. ಏಣಿಯ ಎರಡನೇ ಮೆಟ್ಟಿಲಿನಲ್ಲಿ ಕಾಲು ನಡುಗಿತು. ಬುಟ್ಟಿ ಸಮೇತ ಹಿಂದಕ್ಕೆ ಬಿದ್ದಳು. ಕೆಸರು ಮುಖದ ಮೇಲೆ, ಮುಖ ನೀರಿನೊಳಗೆ.

ಶರಣಮ್ಮ ಓಡಿ ತಲೆ ಎತ್ತಿ ಹಿಡಿದಳು. "ಯವ್ವಾ! ಯವ್ವಾ!" ಎಂದು ಚೀರಿದಳು. ಮೀನಿಗೆ ಗಾಬರಿಯಾಗುವಷ್ಟು ಗಟ್ಟಿಯಾಗಿ ಚೀರಿದಳು.

ಮೇಲಿನಿಂದ ಡಾ. ಸಂಕಪ್ಪ ಓಡಿ ಬಂದು ಕಟಕಟೆ ಹಿಡಿದು ಬಗ್ಗಿ ನೋಡಿದರು. ಮುದುಕಿಯ ಸೀರೆ ಒದ್ದೆಯಾಗಿತ್ತು. ಸುತ್ತ ಇದ್ದುದೆಲ್ಲ ನೀರು.

"ನೀರಜಾ," ಎಂದು ಕೂಗಿದರು, "ಬೇಗ ಅಲ್ಲಿಂದ ಒಂದು ಸ್ಯಾಂಪಲ್ ತಗೊಳ್ಳಿ!"

ನೀರಜಾ ಬಾಟಲಿ ಹಿಡಿದು ಏಣಿ ಇಳಿದಳು. ಅರ್ಧ ಇಳಿದವಳು ರುದ್ರವ್ವನ ಬಿಳಿಚಿದ ತುಟಿ ನೋಡಿದಳು. ಬಾಟಲಿಯನ್ನು ಏಣಿಯ ಮೇಲೇ ಇಟ್ಟು, ಮುದುಕಿಯ ಕಾಲು ಹಿಡಿದು ಎತ್ತಲು ಕೈ ಕೊಟ್ಟಳು. ಮೇಲಿನಿಂದ, "ಸ್ಯಾಂಪಲ್, ಸ್ಯಾಂಪಲ್," ಎಂಬ ಕೂಗು ಬರುತ್ತಲೇ ಇತ್ತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ರುದ್ರವ್ವನ ರಕ್ತ, ಮೂತ್ರ ಎಲ್ಲ ನೋಡಿ ಮರಾಠಿಯಲ್ಲಿ ಬೈದರು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಏನಿಲ್ಲ. ಕಿಡ್ನಿಗೆ ಸೋಂಕು ಏರಿದೆ. "ನೀರು ಕುಡಿಯೋದಕ್ಕೆ ಏನು ಧಾಡಿ ಈ ಹೆಂಗಸಿಗೆ?" ಎಂದರು. ಶರಣಮ್ಮ ಬಾಯಿ ತೆರೆದಳು. ಡಾಕ್ಟರು ಆಗಲೇ ಪಕ್ಕದ ಮಂಚಕ್ಕೆ ಹೋಗಿದ್ದರು.

ಶರಣಮ್ಮ ಕೆಲಸಕ್ಕೆ ಮರಳಿದ ದಿನ ಟಾಕಿಯ ದಂಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿಗಳ ಸಾಲು ಕಾಯುತ್ತಿತ್ತು. ಪ್ರತಿ ಡಬ್ಬಿಗೂ ಒಂದು ಚೀಟಿ. ಚೀಟಿಯಲ್ಲಿ ಹೆಂಗಸರ ಹೆಸರು.

"ಅಮ್ಮ, ಪ್ಲೀಸ್," ಎಂದಳು ನೀರಜಾ, ಕಣ್ಣು ತಪ್ಪಿಸುತ್ತ. "ಎಲ್ಲರದೂ ಒಂದೊಂದು ಸ್ಯಾಂಪಲ್ ಬೇಕಂತೆ. ನೀರಿಂದಕ್ಕೆ ಮ್ಯಾಚ್ ಆಗುತ್ತಾ ನೋಡ್ತಾರೆ. ಯಾರದು ಅಂತ ಗೊತ್ತಾಗಿಬಿಟ್ರೆ ಉಳಿದವರಿಗೆಲ್ಲ ತೊಂದರೆ ಇರಲ್ಲ."

ಶರಣಮ್ಮ ತನ್ನ ಹೆಸರಿನ ಡಬ್ಬಿ ಎತ್ತಿ ನೋಡಿದಳು. ಹೆಸರು ತಪ್ಪಾಗಿ ಬರೆದಿದ್ದರು. ಡಬ್ಬಿ ಕೆಳಗಿಟ್ಟಳು.

"ಎಲ್ಲಿ ತುಂಬಬೇಕ್ರಿ ಇದನ್ನ?"

ನೀರಜಾ ಸುತ್ತ ನೋಡಿದಳು. ನಿಜವೇ, ಜಾಗ ಇರಲಿಲ್ಲ.

"ಹುಡುಗಿ, ಮ್ಯಾಲ ಎಷ್ಟು ಮಂದಿ ಇದ್ದೀರಿ?"

"ಯಾಕೆ?"

"ಅವ್ರದೂ ಡಬ್ಬಿ ತಗೊಂಬರ್ರಿ. ದೊಡ್ಡ ಸಾಹೇಬ್ರದು ಮೊದಲ. ಎಲ್ಲಾರದೂ ತುಂಬಿಸಿ ಇಲ್ಲಿ ದಂಡಿ ಮ್ಯಾಲ ಸಾಲಾಗಿ ಇಡ್ರಿ. ಹೆಸರು ಬರದು ಇಡ್ರಿ. ನಾವು ನಿಂತು ನೋಡ್ತೀವಿ, ವಾಚ್‌ಮನ್ ನಗಲಿ. ಆಮ್ಯಾಲ ನಾವು ಕೊಡ್ತೀವಿ."

ನೀರಜಾಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಮೇಲೆ ಹೋಗಿ ಹಾಗೇ ಹೇಳಿದಳು.

"ಛೆ!" ಎಂದರು ಡಾ. ಸಂಕಪ್ಪ. "ಎಂತ ಮಾತಾಡ್ತೀರಿ? ಅದು ಪ್ರತಿಯೊಬ್ಬರ ಖಾಸಗಿ ವಿಷಯ."

"ಅವರದು, ಸರ್?"

"ಅವರದು ಸಂಶೋಧನೆ."

ನೀರಜಾ ಜಗಳವಾಡಲಿಲ್ಲ. ಜಗಳವಾಡುವ ಹುಡುಗಿಯಾಗಿರಲಿಲ್ಲ. ಆದರೆ ಆವತ್ತು ಟಾಕಿಯ ನೀರನ್ನು ಇನ್ನೂ ದೊಡ್ಡ ಲ್ಯಾಬಿಗೆ ಕಳಿಸಿದಳು. ಅಮೋನಿಯಾ ಬಿಟ್ಟು ಬೇರೆ ಏನೇನಿದೆ ನೋಡಿ ಎಂದು ಬರೆದಳು. ಮನುಷ್ಯ ನುಂಗಿದ್ದೆಲ್ಲ ಮೈಯಲ್ಲಿ ಕರಗುವುದಿಲ್ಲ. ಕೆಲವು ನುಂಗಿದ ಹಾಗೇ ಹೊರಗೆ ಬರುತ್ತವೆ.

ಉತ್ತರ ಬಂದ ದಿನ ಮೀಟಿಂಗು. ಡಾ. ಸಂಕಪ್ಪ ಅಣ್ಣನ ಹೋಟೆಲಿನಿಂದ ಬಂದ ಕಾಫಿ ಕುಡಿಯುತ್ತಿದ್ದರು. ಕಪ್ಪಿನ ಪಕ್ಕ ಪುಟ್ಟ ಡಬ್ಬಿ. ಅದರಿಂದ ಬಿಳಿ ಬಿಲ್ಲೆಗಳನ್ನು ಕಾಫಿಗೆ ಹಾಕಿಕೊಳ್ಳುತ್ತಿದ್ದರು, ಸಕ್ಕರೆಯ ಬದಲಿಗೆ.

ನೀರಜಾ ಓದಿದಳು. ನೀರಿನಲ್ಲಿ ಮನುಷ್ಯರ ಮೂತ್ರ ಇರುವುದು ನಿಜ. ಜೊತೆಗೆ ಎರಡು ವಸ್ತು ಸಿಕ್ಕಿವೆ. ಒಂದು, ಸಕ್ಕರೆ ಕಾಯಿಲೆಯವರು ನುಂಗುವ ಗುಳಿಗೆ. ಇನ್ನೊಂದು, ಸಕ್ಕರೆಯ ಬದಲಿಗೆ ಕಾಫಿಗೆ ಹಾಕಿಕೊಳ್ಳುವ ಸಿಹಿ.

ಯಾರೂ ಆ ಪುಟ್ಟ ಡಬ್ಬಿಯ ಕಡೆ ನೋಡಲಿಲ್ಲ. ಎಷ್ಟು ಕಷ್ಟಪಟ್ಟು ನೋಡಲಿಲ್ಲವೆಂದರೆ ಅದೊಂದೇ ಕಾಣುತ್ತಿತ್ತು. ಡಾ. ಸಂಕಪ್ಪ ಕಾಫಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಆ ಹೆಂಗಸರಲ್ಲಿ ಯಾರಿಗಾದರೂ ಶುಗರ್ ಉಂಟಾ ಕೇಳಿ," ಎಂದರು.

ನೀರಜಾ ಕೆಳಗೆ ಹೋಗಿ ಕೇಳಿದಳು. ಶರಣಮ್ಮ ಹೇಳಿದಳು, "ನಮಗ ಸಕ್ಕರಿನೇ ಸಿಗೂದಿಲ್ಲ. ಸಕ್ಕರಿ ರೋಗ ಎಲ್ಲಿಂದ ಬರಬೇಕ್ರಿ?"

ಪ್ಲಂಬರನನ್ನು ಕರೆಸಿದರು. ಗೋಡೆ ಒಡೆಸಿದರು. ಮೊದಲ ಮಹಡಿಯ ಸಾಹೇಬರ ಪಾಯಖಾನೆಯ ಪೈಪು ಸೀಳಿತ್ತು. ಗೋಡೆಯೊಳಗಿಂದ ಜಿನುಗಿ ಜಿನುಗಿ ಟಾಕಿಗೆ ಬೀಳುತ್ತಿತ್ತು. ಕಟ್ಟಡ ಉದ್ಘಾಟನೆಯಾದಂದಿನಿಂದಲೂ ಇರಬಹುದು, ಈಚೆಗೆ ಸೀಳು ದೊಡ್ಡದಾಗಿದೆ ಎಂದ ಪ್ಲಂಬರ. ಹೆಂಗಸರು ಅಷ್ಟು ತಿಂಗಳು ಮೊಣಕಾಲುದ್ದ ಅದರಲ್ಲೇ ನಿಂತಿದ್ದರು. ಅದನ್ನೇ ತಲೆ ಮೇಲೆ ಹೊತ್ತಿದ್ದರು. ಅದೇ ಕುತ್ತಿಗೆಗೆ ಇಳಿದಿತ್ತು. ರುದ್ರವ್ವನ ಮೂಗಿಗೂ ಬಾಯಿಗೂ ಹೋಗಿದ್ದು ಅದೇ.

ಕೇಂದ್ರ ಒಂದು ವರದಿ ಬರೆಯಿತು. ಅದರಲ್ಲಿ ಉಚ್ಚೆ ಎಂಬ ಮಾತಿರಲಿಲ್ಲ. 'ಮಾನವ ಮೂಲದ ಅನಿರೀಕ್ಷಿತ ಪೋಷಕಾಂಶ' ಎಂದಿತ್ತು. ಮಾದರಿ ಆರಂಭದಿಂದಲೂ ಸರಿಯಾಗಿತ್ತು ಎಂಬುದು ಇದರಿಂದ ದೃಢಪಟ್ಟಿದೆ ಎಂದೂ ಇತ್ತು.

ಪೈಪು ಕೂಡಿಸಿದರು. ಇನ್ನು ಟಾಕಿ ತೊಳೆಯಬೇಕಿತ್ತು. ಸೋಮವಾರ ದಿಲ್ಲಿಯಿಂದ ಒಂದು ಸಮಿತಿ ಕೇಂದ್ರ ನೋಡಲು ಬರುವುದಿತ್ತು. ಶನಿವಾರ ಬೆಳಿಗ್ಗೆ ಮೀನುಗಳನ್ನೆಲ್ಲ ಬೇರೆ ಕಡೆ ಸಾಗಿಸಿ, ನೀರು ಇಳಿಸಿ, ಹೆಂಗಸರಿಗೆ ಬ್ರಷ್ಷು ಬುಟ್ಟಿ ಕೊಟ್ಟರು. ಆವತ್ತು ಡಾ. ಸಂಕಪ್ಪ ತಾವೇ ಕೆಳಗೆ ಬಂದರು. ಮೂಗಿಗೆ ಕರ್ಚೀಫು.

"ನೋಡಿ, ನಿಮ್ಮದಲ್ಲ ಅಂತ ಗೊತ್ತಾಯ್ತಲ್ಲ," ಎಂದರು. "ಸಂತೋಷ ಅಲ್ವಾ? ಇನ್ನು ಯಾರೂ ನಿಮ್ಮನ್ನು ಏನೂ ಅನ್ನುವುದಿಲ್ಲ. ಬೇಗ ಇಳಿಯಿರಿ."

ಯಾರೂ ಇಳಿಯಲಿಲ್ಲ.

"ಯಾರ ಉಚ್ಚಿ ರೀ ಅದು, ಸಾಹೇಬ್ರ?" ಎಂದಳು ಶರಣಮ್ಮ.

ಡಾ. ಸಂಕಪ್ಪ ಕೆಮ್ಮಿದರು. "ಅದು... ಪೈಪಿನ ತೊಂದರೆ."

"ಪೈಪು ಉಚ್ಚಿ ಹೊಯ್ಯಂಗಿಲ್ರಿ."

ವಾಚ್‌ಮನ್ ಈ ಸಲ ನಗಲಿಲ್ಲ. ಅಂಬಾದಾಸ ಮುಂದೆ ನುಗ್ಗಿದ. "ಏ ಶರಣಿ, ಬಾಯಿ ಬಿಗಿ ಹಿಡಿ. ಯಾರ ಮುಂದ ಮಾತಾಡಾಕತ್ತಿ?"

"ನನಗ ಗೊತ್ತದ ಯಾರ ಮುಂದಂತ. ಗ್ವಾಡಿಗಿ ನಿಲ್ಸಿ ನಮ್ಮನ್ನ ಕೇಳಿದ್ರಲ್ಲ, ಯಾರು ಹೊಯ್ದವಳು ಅಂತ. ಈಗ ನಾ ಕೇಳಾಕತ್ತೀನಿ. ಯಾರು ಹೊಯ್ದವ್ರು?"

ಮೇಲಿನ ಕಟಕಟೆಗೆ ಆಫೀಸಿನವರೆಲ್ಲ ಬಂದು ನಿಂತಿದ್ದರು.

"ನಮ್ಮದಂತ ತಿಳದಾಗ ನೀರು ಕಸಗೊಂಡ್ರಿ. ಮುದುಕಿ ಬಿದ್ದು ಸಾಯಾಕತ್ತಾಗ ಬಾಟ್ಲಿ ತಗೊಂಡು ಬಂದ್ರಿ. ನಿಮ್ಮದಂತ ಗೊತ್ತಾದ ಮ್ಯಾಲ ಪೈಪು ರಿಪೇರಿ ಮಾಡಿಸಿದ್ರಿ." ಶರಣಮ್ಮನಿಗೆ ಸಿಟ್ಟಿತ್ತು. ಹೆದರಿಕೆಯೂ ಇತ್ತು. ನಿಲ್ಲಿಸಲಿಲ್ಲ. "ಮೀನಿನ ಹೊಲಸು ಬಳದೀವಿ. ಇಲ್ಲ ಅನ್ನಂಗಿಲ್ಲ. ನಿಮ್ಮ ಉಚ್ಚಿ ನೀವು ಬಳಕೋರ್ರಿ. ನಾವು ಇಳಿಯಂಗಿಲ್ಲ."

ಬ್ರಷ್ಷನ್ನು ದಂಡೆಯ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಅವಳ ಪಕ್ಕದವಳು ಬುಟ್ಟಿ ಇಟ್ಟಳು. ಆಮೇಲೆ ಉಳಿದವರು. ಗೇಟಿನಲ್ಲಿ ತಮ್ಮ ನೀರಿನ ಬಾಟಲಿ ಕೇಳಿ ತೆಗೆದುಕೊಂಡು, ಅಲ್ಲೇ ರಸ್ತೆಯಲ್ಲಿ ನಿಂತು, ಗಟಗಟ ಕುಡಿದರು.

"ಹೋಗ್ರಿ, ಹೋಗ್ರಿ," ಎಂದು ಅಂಬಾದಾಸ ಹಿಂದಿನಿಂದ ಕೂಗಿದ. "ಅಡ್ಡಾದಾಗ ನಿಮ್ಮಂಥೋರು ಸಂತಿ ನೆರದಾರ. ನಾಳಿ ಟೆಂಪೋ ತುಂಬಿಸ್ಕೊಂಡು ಬರ್ತೀನಿ."

ಅವನು ಹೇಳಿದ್ದು ನಿಜವಾಗಿತ್ತು. ಅದೇ ಶರಣಮ್ಮನನ್ನು ಕೊರೆಯುತ್ತಿತ್ತು. ಸಂಜೆ ಹುಸೇನಪ್ಪನಿಗೆ ಎಲ್ಲ ಹೇಳಿದಳು.

"ಮಾಡಿದ್ದು ಚಲೋ ಆತು," ಎಂದ ಅವನು. "ಆದ್ರ ಅಂವ ಅಡ್ಡಾಕ್ಕ ಬಂದ್ರ ಯಾರರೆ ಹೋಗs ಹೋಗ್ತಾರ. ಹೊಟ್ಟಿ ಅಲ್ಲೇನು."

"ಅದಕ್ಕs ನಾನೂ ಬರ್ತೀನಿ. ಹೇಳ್ತೀನಿ ಎಲ್ಲಾರಿಗೂ."

"ಅಷ್ಟು ಗಂಡಸರ ಮುಂದ? ಉಚ್ಚಿ ಗಿಚ್ಚಿ ಅಂತ? ನಾ ಅಲ್ಲೆ ದಿನಾ ಮುಖ ತೋರಸಬೇಕು."

"ನನ್ನ ಅವರು ಗಂಡಸರ ಮುಂದ ಕೇಳಲಿಲ್ಲೇನು?"

ಬೆಳಿಗ್ಗೆ ಹುಸೇನಪ್ಪನೇ ಅವಳನ್ನು ಎಬ್ಬಿಸಿದ.

ಭಾನುವಾರವೂ ಅಡ್ಡಾ ತುಂಬಿತ್ತು. ಯಾದಗಿರಿಯವರು, ಲಾತೂರಿನವರು, ಬಿಹಾರದವರು. ಕೈಯಲ್ಲಿ ಊಟದ ಡಬ್ಬಿ, ಭುಜದ ಮೇಲೆ ಸಲಿಕೆ. ಶರಣಮ್ಮ ಚಹಾದ ಗಾಡಿಯ ಪಕ್ಕ ಕಟ್ಟೆಯ ಮೇಲೆ ಹತ್ತಿ ನಿಂತು ಹೇಳಿದಳು. ಕನ್ನಡದಲ್ಲಿ ಶುರು ಮಾಡಿ, ಅರ್ಧ ಮರಾಠಿ, ಅರ್ಧ ಹಿಂದಿ. ಉಚ್ಚಿ ಎಂಬ ಮಾತು ಬಂದ ಕೂಡಲೇ ಗಂಡಸರು ನಕ್ಕರು. ಹುಸೇನಪ್ಪ ನೆಲ ನೋಡುತ್ತ ನಿಂತ. ಅವಳು ನಗು ಮುಗಿಯುವವರೆಗೂ ಕಾದಳು. ಮತ್ತೆ ಹೇಳಿದಳು. ಸಾಲಾಗಿ ನಿಲ್ಲಿಸಿದ್ದು, ನೀರು ಕಸಿದಿದ್ದು, ರುದ್ರವ್ವ ಬಿದ್ದಿದ್ದು, ಡಬ್ಬಿಗೆ ಹೆಸರು ಬರೆದಿದ್ದು. ನಗು ಸಣ್ಣದಾಯಿತು. ಡಬ್ಬಿಯ ಮಾತಿಗೆ ಬರುವಷ್ಟರಲ್ಲಿ ಇರಲಿಲ್ಲ.

ಅಂಬಾದಾಸನ ಟೆಂಪೋ ಬಂತು. "ಟಾಕಿ ಸಾಫ್ ಮಾಡೋದು! ಒಂದೇ ದಿನದ್ದು! ಡಬಲ್ ಹಾಜ್ರಿ, ಎರಡು ದಿನದ ಕೂಲಿ!" ಎಂದು ಕೂಗಿದ.

ಯಾರೂ ಕದಲಲಿಲ್ಲ. ಕದಲಬೇಕೆಂದು ಕೆಲವರ ಕಾಲು ಹೇಳುತ್ತಿತ್ತು. ಅದು ಕಾಣುತ್ತಿತ್ತು. ಆಗ ಲಾತೂರಿನ ಕಡೆಯ ಒಬ್ಬ ಮುದುಕಿ, ಕಲ್ಲು ಒಡೆಯುವವಳು, ತಂಬಾಕು ಉಗುಳಿ ಹೇಳಿದಳು: "ಮೀ ನಾಯ್ ಜಾಣಾರ್." ನಾನು ಹೋಗುವುದಿಲ್ಲ. ಅಷ್ಟೇ. ಪಕ್ಕದವರು ಒಬ್ಬೊಬ್ಬರಾಗಿ ಟೆಂಪೋಕ್ಕೆ ಬೆನ್ನು ತಿರುಗಿಸಿದರು. ಅಂಬಾದಾಸ ಮೂರು ಭಾಷೆಯಲ್ಲಿ ಬೈದ. ಟೆಂಪೋ ಖಾಲಿ ಹೋಯಿತು. ಅದರ ಹಿಂದಿನ ಬಾಗಿಲು ಬಡಿದುಕೊಳ್ಳುತ್ತ ಹೋದ ಸದ್ದಿಗೆ ಹುಸೇನಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದ.

ಸೋಮವಾರ ಬೆಳಿಗ್ಗೆ ವಿಜ್ಞಾನಿಗಳು ಸಮುದ್ರಕ್ಕೆ ಇಳಿದರು.

ಪ್ಯಾಂಟು ಮಡಚಿಕೊಂಡರು. ಕೈಗವಸು ತರಿಸಿಕೊಂಡರು. ರಬ್ಬರಿನ ಕೆಮಿಕಲ್ಲಿನ ಮಾತು ಯಾರೂ ತೆಗೆಯಲಿಲ್ಲ. ಮೀನಿನ ಆಹಾರ ಸರಪಳಿಯ ಮೇಲೆ ಪುಸ್ತಕ ಬರೆದವರು ಪಾಚಿಯ ಮೇಲೆ ಜಾರಿ ಕೂತರು. ಇನ್ನೊಬ್ಬರು ಅರ್ಧ ಬುಟ್ಟಿ ಕೆಸರು ಎತ್ತಿ ಸೊಂಟ ಹಿಡಿದುಕೊಂಡರು. ಡಾ. ಸಂಕಪ್ಪ ಮೂಗು ಮುಚ್ಚಿಕೊಂಡು ಒಂದು ಕೈಯಲ್ಲಿ ಗೋಡೆ ತಿಕ್ಕುತ್ತಿದ್ದರು. ತಮ್ಮದೇ ಆದರೂ ಅವರಿಗೆ ಬಹಳ ಹೇಸಿಗೆಯಾಗುತ್ತಿತ್ತು.

ಅಷ್ಟರಲ್ಲಿ ದಿಲ್ಲಿಯ ಸಮಿತಿ ಬೇಗನೇ ಬಂದುಬಿಟ್ಟಿತು. ಕಟಕಟೆಯ ಮೇಲೆ ನಿಂತು ಕೆಳಗೆ ನೋಡಿತು. ನಿರ್ದೇಶಕರು ಬ್ರಷ್ಷು ಹಿಡಿದು ಮೊಣಕಾಲುದ್ದ ಕೊಚ್ಚೆಯಲ್ಲಿ. ಸಮಿತಿ ದಂಗಾಯಿತು. ಆಮೇಲೆ ಚಪ್ಪಾಳೆ ತಟ್ಟಿತು. ಇಷ್ಟು ವಿನಯದ ವಿಜ್ಞಾನಿಗಳನ್ನು ದೇಶದಲ್ಲೇ ನೋಡಿಲ್ಲ ಎಂದಿತು. ಪೇಪರಿನಲ್ಲಿ ಫೋಟೋ ಬಂತು: 'ಸಾಗರದ ಸೇವೆಗೆ ಸ್ವತಃ ಇಳಿದ ವಿಜ್ಞಾನಿ.' ಕೇಂದ್ರಕ್ಕೆ ಇನ್ನೂ ದೊಡ್ಡ ಟಾಕಿ ಮಂಜೂರಾಯಿತು.

ಹುಸೇನಪ್ಪ ತಂದ ವಡಾಪಾವ್ ಆ ಫೋಟೋದಲ್ಲೇ ಸುತ್ತಿ ಬಂದಿತ್ತು. ಆಸ್ಪತ್ರೆಯಿಂದ ಬಂದು ಶೆಡ್ಡಿನಲ್ಲಿ ಮಲಗಿದ್ದ ರುದ್ರವ್ವ ಎಣ್ಣೆಯಾದ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಚ್ಚಿ ಸರಿ ಕಟ್ಟಿಲ್ಲ ನೋಡು," ಎಂದು ನಕ್ಕಳು.

ಅವಳು ನಕ್ಕಿದ್ದು ಅದೇ ಕೊನೆ. ಸೋಂಕು ಮತ್ತೆ ಏರಿತು. ಮಳೆ ಶುರುವಾಗುವ ಹೊತ್ತಿಗೆ ರುದ್ರವ್ವ ಸತ್ತಳು. ಶವ ಊರಿಗೆ ಒಯ್ಯಲಾಗಲಿಲ್ಲ, ಇಲ್ಲೇ ಮಣ್ಣು ಮಾಡಿದರು. ಕೇಂದ್ರದಿಂದ ಯಾರೂ ಬರಲಿಲ್ಲ. ಅವಳು ಕೇಂದ್ರದವಳಾಗಿರಲಿಲ್ಲ, ಗುತ್ತಿಗೆಯವಳಾಗಿದ್ದಳು.

ಮಣ್ಣಾದ ಮೇಲೆ ನೀರಜಾ ಒಬ್ಬಳೇ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ನಿಂತು ಅತ್ತಳು. ಶರಣಮ್ಮ ಚಹಾ ಕೊಟ್ಟಳು. ನೀರಜಾ ಚಹಾ ಮುಗಿಸಿ, ತಾನು ಬಂದ ಇನ್ನೊಂದು ಕೆಲಸ ಹೇಳಿದಳು. ಹೊಸ ಟಾಕಿಗೆ ಜನ ಬೇಕು. ಈ ಸಲ ಹೆಂಗಸರಿಗೆ ಟಾಯ್ಲೆಟ್ ಇಟ್ಟಿದ್ದಾರೆ, ಕಾಂಪೌಂಡಿನ ಹೊರಗೆ, ಪ್ಲಾಸ್ಟಿಕ್ಕಿನದು.

"ಕೀಲಿ ಯಾರ ಹತ್ರ ಇರ್ತದ?" ಎಂದಳು ಶರಣಮ್ಮ.

"ಸೆಕ್ಯುರಿಟಿ ಹತ್ರ. ಕೇಳಿದ್ರೆ ಕೊಡ್ತಾರೆ."

"ನಿಮ್ಮದರ ಕೀಲಿ ಯಾರ ಹತ್ರ ಇರ್ತದ?"

ನೀರಜಾ ಕಪ್ಪು ಕೆಳಗಿಟ್ಟಳು. ಎದ್ದು ಹೋದಳು.

ಶರಣಮ್ಮ ಮತ್ತು ಜೊತೆಯ ಹೆಂಗಸರಿಗೆ ಮಗರಪಟ್ಟಾ ಕಡೆ ಕೆಲಸ ಸಿಕ್ಕಿತು. ಮುಗಿಲೆತ್ತರದ ಮನೆಗಳು. ಮನೆಗೆ ಮೂರು ಮೂರು ಪಾಯಖಾನೆ. ಹೆಂಗಸರು ಇಟ್ಟಿಗೆ, ಸಿಮೆಂಟು ಹೊರಬೇಕು. ಮೊದಲ ದಿನ ಬೆಳಿಗ್ಗೆ ಗಾರೆ ಕಲಸುವ ಮಷೀನು ತಿರುಗುತ್ತಿತ್ತು. ಸುಪರ್‌ವೈಸರ್, ಕನ್ನಡ ಬಲ್ಲ ಹೆಲ್ಮೆಟ್ಟಿನ ಹುಡುಗ, ಗಾರೆ ಹೊರುವ ಪುಟ್ಟಿ ಎತ್ತಿರಿ ಎಂದ.

ಶರಣಮ್ಮ ಪುಟ್ಟಿ ಎತ್ತಲಿಲ್ಲ.

"ನಾವು ಎಲ್ಲಿ ಹೋಗಬೇಕ್ರಿ?" ಎಂದು ಕೇಳಿದಳು.

"ಹನ್ನೊಂದನೇ ಮಾಳಿಗೆಗೆ."

"ಅದಲ್ಲ. ಉಚ್ಚಿ ಬಂದ್ರ ಎಲ್ಲಿ ಹೋಗಬೇಕು?"

ಸುಪರ್‌ವೈಸರನ ಮುಖ ಕೆಂಪಾಯಿತು. ನಕ್ಕು ನೋಡಿದ. ಯಾರೂ ಜೊತೆಗೆ ನಗಲಿಲ್ಲ. ಅವಳ ಹಿಂದೆ ಹೆಂಗಸರು ಪುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಆಚೆ ಬದಿಯಲ್ಲಿ ಸಲಿಕೆ ಹಿಡಿದಿದ್ದ ಬಿಹಾರದ ಹೆಂಗಸರು ಇತ್ತ ನೋಡಿದರು. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಅವರೂ ಬಂದು ಕೂತರು.

ಸುಪರ್‌ವೈಸರ್ ಫೋನು ತೆಗೆದು ಯಾರಿಗೋ ಹಚ್ಚಿದ. ಮಷೀನಿನಲ್ಲಿ ಗಾರೆ ಗಟ್ಟಿಯಾಗತೊಡಗಿತು.